ಟ್ರ್ಯಾಕ್ಟರ್ ಟೈರಿಗೆ ನೀರಾ, ಕಬ್ಬಿಣದ ವೇಟಾ, ಅಥವಾ ಎರಡೂ ಬೇಡವಾ?

ಮಳೆ ಬಿದ್ದು ಹೊಲ ಹದಕ್ಕೆ ಬರುವ ಹೊತ್ತಿಗೆ ಪಂಚರ್ ಅಂಗಡಿಗಳ ಮುಂದೆ ಒಂದೇ ಮಾತು. "ಚಕ್ರ ಸ್ಲಿಪ್ ಹೊಡೀತಿದೆ ಅಣ್ಣಾ, ನೀರು ಹಾಕ್ಬಿಡು." ಹಿಂದಿನ ಟೈರಿನೊಳಗೆ ನೀರು ತುಂಬಿಸಿದರೆ ತೂಕ ಹೆಚ್ಚಿ ಚಕ್ರ ನೆಲ ಹಿಡಿಯುತ್ತದೆ ಅಂತ ಲೆಕ್ಕ, ರಿಮ್ಮಿಗೆ ಕಬ್ಬಿಣದ ವೇಟ್ ಹಾಕುವುದೂ ಇದಕ್ಕೇ. ಅಂಗಡಿಯವರಿಗೂ ನೀರು ಹಾಕುವುದು ಗೊತ್ತಿರುವ ಕೆಲಸ. ಪೈಪು ಸಿಕ್ಕಿಸಿ ಬಿಟ್ಟರೆ ಮುಗಿಯಿತು. ಆಮೇಲೆ ಅದೇ ಟ್ರ್ಯಾಕ್ಟರ್ ಗದ್ದೆಗೂ ಇಳಿಯುತ್ತದೆ, ಮಣ್ಣು ಪುಡಿ ಮಾಡುವ ರೋಟವೇಟರ್ ಬಾಡಿಗೆಗೂ ಹೋಗುತ್ತದೆ, ಕಬ್ಬಿನ ಟ್ರೇಲರನ್ನೂ ಎಳೆಯುತ್ತದೆ. ನೇಗಿಲಿಗೆ ಅಂತ ಹಾಕಿಸಿದ ನೀರು ಉಳಿದ ಎಲ್ಲ ಕೆಲಸಕ್ಕೂ ಜೊತೆಯಲ್ಲೇ ಹೋಗುತ್ತದೆ.

ಹಾಗಾಗಿ ನೀರು ಒಳ್ಳೆಯದಾ, ಕಬ್ಬಿಣ ಒಳ್ಳೆಯದಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ. ವರ್ಷದಲ್ಲಿ ನಿಮ್ಮ ಟ್ರ್ಯಾಕ್ಟರ್ ಯಾವ ಕೆಲಸ ಜಾಸ್ತಿ ಮಾಡುತ್ತದೆ? ಬೇಡವಾದಾಗ ಆ ಭಾರವನ್ನು ಇಳಿಸುವ ತಾಳ್ಮೆ ನಿಮಗಿದೆಯಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ತೀರ್ಮಾನ ಆದಂತೆ.

ತೂಕ ನಿಜಕ್ಕೂ ಕಡಿಮೆ ಇದೆಯಾ, ಮೊದಲು ನೋಡಿ

ಚಕ್ರ ಜಾರಿದ ತಕ್ಷಣ ತೂಕವೇ ಕಡಿಮೆ ಅಂದುಕೊಳ್ಳಬೇಡಿ. ಮೊದಲು ಗಾಳಿ ನೋಡಿ. ಹೊಲದ ಕೆಲಸಕ್ಕೆ ಹಿಂದಿನ ಟೈರಿಗೆ ಸಾಮಾನ್ಯವಾಗಿ 12ರಿಂದ 14 ಪಿಎಸ್‌ಐ ಸಾಕಾಗುತ್ತದೆ. ನಿಮ್ಮ ಟೈರಿಗೆ ಸರಿಯಾದ ಲೆಕ್ಕ ಟ್ರ್ಯಾಕ್ಟರ್ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಟ್ರೇಲರ್ ಎಳೆಯಲು 20ರ ಹತ್ತಿರ ತುಂಬಿಸಿ, ಅದೇ ಗಾಳಿಯಲ್ಲಿ ನೇಗಿಲು ಹೂಡುವವರು ಬೇಕಾದಷ್ಟು ಜನ. ಟೈರು ಗುಂಡಗೆ ಉಬ್ಬಿಕೊಂಡು ನಡುಭಾಗ ಮಾತ್ರ ನೆಲಕ್ಕೆ ತಾಗುತ್ತದೆ, ಅಂಚಿನ ಪಟ್ಟಿಗಳಿಗೆ ಕೆಲಸವೇ ಇರುವುದಿಲ್ಲ. ಗಾಳಿ ಇಳಿಸಿದರೆ ದುಡ್ಡು ಖರ್ಚಿಲ್ಲದೆ ಹಿಡಿತ ಸಿಗುತ್ತದೆ. ಹಾಗಂತ ತೀರಾ ಇಳಿಸಿದರೆ ರಿಮ್ಮಿನ ಮೇಲೆ ಟೈರೇ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರುತ್ತದೆ.

ಎರಡನೆಯದು ಟೈರು. ಉಬ್ಬುಪಟ್ಟಿಗಳು ಸವೆದು ಚಪ್ಪಟೆಯಾಗಿದ್ದರೆ ಎಷ್ಟು ನೀರು ಹಾಕಿದರೂ ಅಷ್ಟಕ್ಕಷ್ಟೇ. ಮೂರನೆಯದು ನೇಗಿಲಿನ ಕುಳ, ಕಲ್ಟಿವೇಟರಿನ ಹಲ್ಲು. ಮೊಂಡಾದ ಕುಳ ಮಣ್ಣನ್ನು ಕತ್ತರಿಸುವುದಿಲ್ಲ, ತಳ್ಳುತ್ತದೆ. ಆ ಎಳೆತದ ಭಾರವೆಲ್ಲ ಚಕ್ರದ ಮೇಲೆ ಬೀಳುತ್ತದೆ. ಹೊಸ ಕುಳದ ರೇಟು ಗೊತ್ತಲ್ವಾ, ಟೈರಿನ ಮುಂದೆ ಅದೇನೂ ಅಲ್ಲ.

ಸೀಟಿನ ಪಕ್ಕದಲ್ಲಿರುವ ಹೈಡ್ರಾಲಿಕ್ ಲಿವರುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಒಂದು ಪೊಸಿಷನ್, ನೇಗಿಲನ್ನು ಇಟ್ಟ ಎತ್ತರದಲ್ಲೇ ಹಿಡಿಯುವುದು. ಇನ್ನೊಂದು ಡ್ರಾಫ್ಟ್, ಎಳೆತ ನೋಡಿ ನೇಗಿಲನ್ನು ಎತ್ತಿ ಇಳಿಸುವುದು. ಎಲ್ಲ ಕೆಲಸವನ್ನೂ ಪೊಸಿಷನ್ ಲಿವರಿನಲ್ಲೇ ಮಾಡುವ ಡ್ರೈವರುಗಳು ತುಂಬ ಇದ್ದಾರೆ. ನೇಗಿಲು ಹೊಡೆಯುವಾಗ ಡ್ರಾಫ್ಟ್ ಲಿವರ್ ಬಳಸಿದರೆ, ಗಟ್ಟಿ ಜಾಗ ಬಂದಾಗ ಹೈಡ್ರಾಲಿಕ್ ತಾನಾಗೇ ನೇಗಿಲನ್ನು ಒಂಚೂರು ಎತ್ತಿ ಹಿಡಿಯುತ್ತದೆ. ಆ ಕ್ಷಣಕ್ಕೆ ನೇಗಿಲಿನ ಭಾರ, ಅದರ ಮೇಲಿನ ಮಣ್ಣಿನ ಒತ್ತಡ ಎರಡೂ ಹಿಂದಿನ ಚಕ್ರಕ್ಕೆ ಸಾಗುತ್ತವೆ. ಬೇಕಾದಾಗ ಬರುವ ತೂಕ, ಬೇಡವಾದಾಗ ಹೋಗುವ ತೂಕ. ಟ್ರ್ಯಾಕ್ಟರ್ ಕೊಳ್ಳುವಾಗಲೇ ಇದಕ್ಕೂ ಸೇರಿಸಿ ದುಡ್ಡು ಕೊಟ್ಟಿರುತ್ತೀರಿ. ಬಳಸದೆ ಬಿಟ್ಟು ಮೇಲೆ ನೀರು ತುಂಬಿಸುವುದು ಸುಮ್ನೆ ದಂಡ.

ಇಷ್ಟೆಲ್ಲ ಸರಿ ಇದ್ದೂ ಜಾರುತ್ತಿದೆಯಾ? ಹಾಗಾದರೆ ಅಳೆದು ನೋಡಿ. ಹಿಂದಿನ ಟೈರಿನ ಪಕ್ಕದಲ್ಲಿ ಸುಣ್ಣದಿಂದ ಒಂದು ಗೆರೆ ಎಳೆಯಿರಿ. ನೇಗಿಲು ನೆಲದಲ್ಲಿದ್ದು ಉಳುತ್ತಿರುವಾಗ ಚಕ್ರ 10 ಸುತ್ತು ತಿರುಗುವಷ್ಟು ದೂರ ಹೋಗಿ, ಶುರುವಿಗೂ ಕೊನೆಗೂ ಒಂದೊಂದು ಗೂಟ ನೆಡಿ. ಆಮೇಲೆ ನೇಗಿಲು ಎತ್ತಿಕೊಂಡು, ಪಕ್ಕದ ಉಳದ ನೆಲದ ಮೇಲೆ, ಅದೇ ಗೇರಿನಲ್ಲಿ ಅಷ್ಟೇ ದೂರ ಓಡಿಸಿ ಸುತ್ತು ಎಣಿಸಿ. ಎಂಟೂವರೆ ಸುತ್ತು ಬಂದರೆ ಸ್ಲಿಪ್ ಶೇ 15. ಏಳೂವರೆ ಬಂದರೆ ಶೇ 25. ಹೊಲದಲ್ಲಿ ಶೇ 8ರಿಂದ 15ರವರೆಗಿನ ಸ್ಲಿಪ್ ಆರೋಗ್ಯವಾದದ್ದು. ಅದಕ್ಕಿಂತ ಜಾಸ್ತಿ ಆದರೆ ಡೀಸೆಲ್ಲೂ ಟೈರೂ ಮಣ್ಣುಪಾಲು.

ಕಡಿಮೆ ಆದರೂ ಒಳ್ಳೆಯದಲ್ಲ. ಒಂಬತ್ತೂವರೆ ಸುತ್ತು ಬಂದು ಸ್ಲಿಪ್ ಶೇ 5 ಅಂತ ಖುಷಿಪಡುವವರಿದ್ದಾರೆ. ಅವರ ಟ್ರ್ಯಾಕ್ಟರ್ ಬೇಕಿಲ್ಲದ ಭಾರ ಹೊತ್ತು ನಡೆಯುತ್ತಿದೆ ಅಂತ ಅರ್ಥ. ಜೊತೆಗೆ ಇನ್ನೊಂದು ವಿಷಯ. ಚಕ್ರ ಜಾರುವುದು ಗೇರ್‌ಬಾಕ್ಸಿಗೆ ಒಂದು ಫ್ಯೂಸ್ ಇದ್ದ ಹಾಗೆ. ಬಂಡೆಗೋ ಬೇರಿಗೋ ನೇಗಿಲು ಸಿಕ್ಕಿಕೊಂಡಾಗ ಚಕ್ರ ಜಾರಲೇಬೇಕು. ಜಾರದೇ ಇದ್ದರೆ ಆ ಹೊಡೆತವೆಲ್ಲ ಗೇರಿಗೆ, ಆಕ್ಸಲ್ಲಿಗೆ, ಕ್ಲಚ್ಚಿಗೆ ಬೀಳುತ್ತದೆ.

ಎಣಿಸುವ ಪುರುಸೊತ್ತಿಲ್ಲದವರು ಟೈರಿನ ಗುರುತು ನೋಡಿದರೂ ಆದೀತು. ಪಟ್ಟಿಗಳ ಅಚ್ಚು ಮುದ್ರೆ ಒತ್ತಿದಷ್ಟು ಸ್ಪಷ್ಟವಾಗಿದ್ದರೆ ಭಾರ ಜಾಸ್ತಿ. ಗುರುತೇ ಇಲ್ಲದೆ ಮಣ್ಣು ಉಜ್ಜಿ ಹೋಗಿದ್ದರೆ ಭಾರ ಕಡಿಮೆ. ನಡುವಿನ ಅಚ್ಚು ಕಾಣುತ್ತಾ, ಅಂಚು ಕದಡಿದಂತಿದ್ದರೆ ಸರಿಯಾಗಿದೆ.

ಸ್ಲಿಪ್ ಇಲ್ಲದೆ ಎಂಜಿನ್ನೇ ಗೊರಗುಟ್ಟಿ ಕಪ್ಪು ಹೊಗೆ ಬಿಡುತ್ತಿದ್ದರೆ ತೂಕ ಏನೂ ಮಾಡಲಾರದು. ಗೇರ್ ಇಳಿಸಿ, ಇಲ್ಲವೇ ನೇಗಿಲಿನ ಆಳ ಕಡಿಮೆ ಮಾಡಿ.

ನೀರು

ಲೆಕ್ಕದಿಂದ ಶುರು ಮಾಡೋಣ. ಮುಕ್ಕಾಲು ಭಾಗ ತುಂಬಿಸಿದರೆ 13.6-28 ಸೈಜಿನ ಒಂದು ಟೈರಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ. 14.9-28 ಆದರೆ ಸುಮಾರು 240, 16.9-28 ಆದರೆ 310ರ ಆಸುಪಾಸು. ಒಂದು ಲೀಟರಿಗೆ ಒಂದು ಕಿಲೋ. ನಮ್ಮ ಕಡೆ ಓಡಾಡುವ 45ರಿಂದ 50 ಎಚ್‌ಪಿ ಟ್ರ್ಯಾಕ್ಟರುಗಳಿಗೆ ಹೆಚ್ಚಾಗಿ 14.9-28 ಟೈರು, ಟ್ರ್ಯಾಕ್ಟರಿನ ತೂಕ 2 ಟನ್ ಹತ್ತಿರ. ಎರಡೂ ಟೈರಿಗೆ ನೀರು ಹಾಕಿಸಿದರೆ 480 ಕಿಲೋ. ಅಂದರೆ ಇದ್ದ ತೂಕದ ಕಾಲು ಭಾಗದಷ್ಟು ಒಂದೇ ಏಟಿಗೆ ಸೇರಿತು, ಅದೂ ಪೂರ್ತಿ ಹಿಂದಿನ ಚಕ್ರಗಳ ಮೇಲೆ. ಗಟ್ಟಿ ನೆಲದಲ್ಲಿ ಆ ತೂಕದ ಅರ್ಧದಷ್ಟು ಹೆಚ್ಚಿನ ಎಳೆತ ಸಿಗಬಹುದು ಅಂತ ಅಂದಾಜು. ಸಡಿಲ ಮಣ್ಣಿನಲ್ಲಿ ಅಷ್ಟು ಸಿಗುವುದಿಲ್ಲ.

ನೀರಿನ ದೊಡ್ಡ ಗುಣ ಬೆಲೆ. ನೀರಿಗೆ ದುಡ್ಡಿಲ್ಲ, ತುಂಬಿಸುವ ಕೂಲಿ ಮಾತ್ರ. ಎರಡನೆಯ ಗುಣ, ಭಾರ ಕೆಳಗಡೆ ಕೂರುತ್ತದೆ. ಆಕ್ಸಲ್ಲಿನ ಮೇಲೆ ಹೇರಿದ ಹಾಗೆ ಆಗುವುದಿಲ್ಲ, ಟೈರಿನ ತಳದಲ್ಲೇ ನಿಲ್ಲುತ್ತದೆ. ಇಳಿಜಾರಿನಲ್ಲಿ, ಬದು ಹತ್ತಿ ಇಳಿಯುವಲ್ಲಿ ಟ್ರ್ಯಾಕ್ಟರ್ ವಾಲುವ ಭಯ ಸ್ವಲ್ಪ ಕಡಿಮೆ. ಮಲೆನಾಡಿನ ಏರುತಗ್ಗಿನ ಜಮೀನಿನವರು ನೀರನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಮುಂದೆ ಬಕೆಟ್ ಲೋಡರ್ ಕಟ್ಟಿಸಿಕೊಂಡವರಿಗೂ ಹಿಂದೆ ಹೀಗೊಂದು ಸಮತೂಕ ಬೇಕೇ ಬೇಕು.

ತುಂಬಿಸುವ ಕ್ರಮ ಹೀಗೆ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲ್ಲಿಗೆ ಜಾಕ್ ಹಾಕಿ ಚಕ್ರ ನೆಲದಿಂದ ಎತ್ತಬೇಕು. ಕೈಯಲ್ಲೇ ಚಕ್ರ ತಿರುಗಿಸಿ ವಾಲ್ವ್ ನೇರ ಮೇಲಕ್ಕೆ, ಗಡಿಯಾರದ 12 ಗಂಟೆಯ ಜಾಗಕ್ಕೆ ತರಬೇಕು. ವಾಲ್ವಿನ ಪಿನ್ನು ಬಿಚ್ಚಿದಾಗ ಗಾಳಿ ಬುಸ್ಸನೆ ಹೋಗುತ್ತದೆ. ಪೂರ್ತಿ ಹೋಗುವವರೆಗೆ ಮುಖ ದೂರ ಇಟ್ಟುಕೊಳ್ಳಿ. ಟ್ರ್ಯಾಕ್ಟರಿನ ಹಿಂದಿನ ಟ್ಯೂಬುಗಳಲ್ಲಿ ಏರ್-ವಾಟರ್ ವಾಲ್ವ್ ಇರುತ್ತದೆ, ಅದರ ಒಳಗಿನ ದೊಡ್ಡ ಭಾಗ ಬಿಚ್ಚಿಬರುತ್ತದೆ. ಆ ತೂತಿಗೆ ಪೈಪು ಕೂರಿಸಿ, ಎತ್ತರದಲ್ಲಿಟ್ಟ ಡ್ರಮ್ಮಿನಿಂದ ನೀರು ಬಿಡಬೇಕು. ನೀರು ಒಳಗೆ ಹೋದಷ್ಟೂ ಒಳಗಿನ ಗಾಳಿ ಹೊರಗೆ ಬರಬೇಕಲ್ಲ? ಅದಕ್ಕೇ ಆಗಾಗ ಪೈಪು ತೆಗೆದು ಗಾಳಿ ಬಿಡುತ್ತಾರೆ. ಗಾಳಿ ಹೊರಗೆ ಹೋಗಲು ಬೇರೆ ದಾರಿ ಇರುವ ಅಡಾಪ್ಟರ್ ಇದ್ದರೆ ಈ ಕಾಟವಿಲ್ಲ. ವಾಲ್ವಿನಿಂದ ನೀರು ತುಳುಕಿ ಹೊರಗೆ ಬಂತು ಅಂದರೆ ಮುಕ್ಕಾಲು ಭಾಗ ತುಂಬಿತು. ಅಲ್ಲಿಗೆ ನಿಲ್ಲಿಸಿ, ಪಿನ್ನು ಹಾಕಿ, ಮೇಲಿನಿಂದ ಗಾಳಿ ತುಂಬಿಸಬೇಕು.

ಬೋರ್‌ವೆಲ್ ಪಂಪಿನ ಪೈಪನ್ನು ನೇರವಾಗಿ ಸಿಕ್ಕಿಸುವ ಬುದ್ಧಿವಂತಿಕೆ ಬೇಡ. ಒತ್ತಡ ಕೈಮೀರಿದರೆ ಟ್ಯೂಬು ಒಡೆಯುತ್ತದೆ. ಕಾಲುವೆಯ ಕೆಸರು ನೀರೂ ಬೇಡ, ಹೂಳು ತಳದಲ್ಲಿ ಕೂತು ವಾಲ್ವ್ ಕಟ್ಟಿಕೊಳ್ಳುತ್ತದೆ.

"ಫುಲ್ ಹೊಡೆದುಬಿಡ್ಲಾ ಸಾರ್?" ಅಂತ ಕೇಳಿದರೆ ಬೇಡ ಅನ್ನಿ. ಗಾಳಿ ಅದುಮಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪೂರ್ತಿ ನೀರು ತುಂಬಿದ ಟೈರು ಕಲ್ಲಿನ ಮೇಲೆ ಹಾದಾಗ ಹೊಡೆತ ತಡೆಯುವುದಕ್ಕೆ ಒಳಗೆ ಏನೂ ಇರುವುದಿಲ್ಲ. ಟೈರಿನ ನೂಲು ಹರಿಯುತ್ತದೆ, ಸೊಂಟಕ್ಕೂ ಏಟು. ಎರಡೂ ಚಕ್ರದಲ್ಲಿ ನೀರಿನ ಮಟ್ಟ ಒಂದೇ ಇರಬೇಕು. ರೇಡಿಯಲ್ ಟೈರು ಹಾಕಿಸಿಕೊಂಡಿದ್ದರೆ ನೀರೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಕ್ಕೆ ಬಾಗಿ ನೆಲಕ್ಕೆ ಚೆನ್ನಾಗಿ ಒರಗಲಿ ಅಂತ ಜಾಸ್ತಿ ದುಡ್ಡು ಕೊಟ್ಟು ರೇಡಿಯಲ್ ತಂದು, ಅದೇ ಪಕ್ಕೆಯನ್ನು ನೀರು ಹಾಕಿ ಬಿಗಿಯಾಗಿಸುವುದು ಯಾಕೆ? ಹಾಕಲೇಬೇಕು ಅಂದರೆ ಶೇ 40ಕ್ಕಿಂತ ಮೇಲೆ ಹೋಗಬೇಡಿ. ಅದಕ್ಕೆ ವಾಲ್ವನ್ನು ಗಡಿಯಾರದ 4 ಗಂಟೆಯ ಜಾಗದಲ್ಲಿಟ್ಟು ತುಂಬಿಸುತ್ತಾರೆ.

ಇನ್ನು ತೊಂದರೆಗಳು. ಮುಕ್ಕಾಲು ನೀರಿರುವ ಟೈರಿನಲ್ಲಿ ಗಾಳಿಗೆ ಇರುವ ಜಾಗ ಕಾಲು ಭಾಗ ಮಾತ್ರ. ಹಾಗಾಗಿ ಪಿನ್ನಿನಲ್ಲಿ ಒಂಚೂರು ಲೀಕ್ ಇದ್ದರೂ ಒತ್ತಡ ಬೇಗ ಬೀಳುತ್ತದೆ. ಟೈರು ಮಾತ್ರ ನೀರಿನ ಭಾರಕ್ಕೆ ತುಂಬಿಕೊಂಡೇ ಕಾಣುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ ವಾಲ್ವ್ ಮೇಲಕ್ಕೆ ತಂದು ಅಳೆಯಬೇಕು. ಕೆಳಗಿದ್ದಾಗ ಅಳೆದರೆ ನೀರಿನ ಒತ್ತಡವೂ ಸೇರಿ ಸುಮಾರು ಒಂದು ಪಾಯಿಂಟಿನಷ್ಟು ಜಾಸ್ತಿ ತೋರಿಸುತ್ತದೆ, ಸಾದಾ ಗೇಜಿನೊಳಗೆ ನೀರು ನುಗ್ಗಿ ಅದೂ ಕೆಡುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ಪಂಚರ್. ಬಳ್ಳಾರಿ ಜಾಲಿಯ ಮುಳ್ಳು ಬಿದ್ದಿರುವ ಬದು, ಹಳ್ಳದ ದಾರಿ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಾಳಿಯ ಟೈರಾದರೆ ಹೊಲದಲ್ಲೇ ಬಿಚ್ಚಿ, ಟ್ಯೂಬು ಎಳೆದು, ಪ್ಯಾಚ್ ಹಾಕಿ ಮುಗಿಸುತ್ತಾರೆ. ನೀರಿನ ಟೈರಾದರೆ ಮೊದಲು 240 ಲೀಟರ್ ಹೊರಗೆ ಹೋಗಬೇಕು. ವಾಲ್ವ್ ಕೆಳಗೆ ತಂದು ಬಿಟ್ಟರೂ ತಳದಲ್ಲಿ ಒಂದಷ್ಟು ಉಳಿಯುತ್ತದೆ. ನೀರು ಇದ್ದ ಹಾಗೇ ಚಕ್ರ ಬಿಚ್ಚಲು ಹೋದರೆ ಅದು ವಾಲಿದಾಗ ಇಬ್ಬರು ಹಿಡಿದರೂ ನಿಲ್ಲುವುದಿಲ್ಲ, ಕಾಲು ಮುರಿಯುವ ಕೆಲಸ. ಪ್ಯಾಚ್ ಹಾಕಿದ ಮೇಲೆ ಮತ್ತೆ ಡ್ರಮ್ಮು, ಮತ್ತೆ ಪೈಪು. ಬಿತ್ತನೆಯ ಹದ ಓಡಿಹೋಗುವ ದಿನ ಹೀಗಾದರೆ ನೀರಿನಲ್ಲಿ ಉಳಿಸಿದ ದುಡ್ಡು ಅಲ್ಲೇ ಹೋಯಿತು.

ಕಬ್ಬಿಣದ ವೇಟ್

ಹಿಂದಿನ ರಿಮ್ಮಿಗೆ ಬೋಲ್ಟ್ ಹಾಕಿ ಕೂರಿಸುವ ಬೀಡುಕಬ್ಬಿಣದ ದುಂಡು ತಟ್ಟೆಗಳು ಇವು. ಒಂದೊಂದರ ತೂಕ ಮಾಡೆಲ್ ಮೇಲೆ ಹೋಗುತ್ತದೆ. 40ರಿಂದ 50 ಕಿಲೋ ಅಂತ ಇಟ್ಟುಕೊಳ್ಳಿ. ಚಕ್ರಕ್ಕೆ ಎರಡರಂತೆ ನಾಲ್ಕು ಹಾಕಿದರೆ ಹೆಚ್ಚೆಂದರೆ 200 ಕಿಲೋ. ಎರಡೂ ಟೈರಿನ ನೀರಿನ ತೂಕಕ್ಕೆ ಸಮ ಬರಬೇಕಾದರೆ ಹತ್ತರಿಂದ ಹನ್ನೆರಡು ತಟ್ಟೆ ಬೇಕಾದೀತು. ಅಷ್ಟು ಕೂರಿಸಲು ಬೋಲ್ಟೂ ಸಾಲದು, ಜಾಗವೂ ಸಾಲದು. ತೂಕದ ಲೆಕ್ಕದಲ್ಲಿ ನೀರಿಗೇ ಗೆಲುವು. ದುಡ್ಡಿನ ಲೆಕ್ಕದಲ್ಲೂ ಅಷ್ಟೇ.

ಆದರೆ ಕಬ್ಬಿಣ ಮಾತು ಕೇಳುತ್ತದೆ. ಮಾಗಿ ಉಳುಮೆ ಮುಗಿಯಿತಾ, ನಾಲ್ಕು ಬೋಲ್ಟ್ ಬಿಚ್ಚಿ ಶೆಡ್ಡಿನ ಮೂಲೆಯಲ್ಲಿಡಿ. ಟೈರಿನ ಪಕ್ಕೆ ಎಂದಿನಂತೆ ಬಾಗುತ್ತದೆ, ಗೇಜು ಎಂದಿನಂತೆ ಓದುತ್ತದೆ, ಪಂಚರ್ ಆದರೆ ಎಂದಿನ ಪಂಚರ್. ಮಾರುವಾಗ ಬೇರೆಯಾಗಿ ಮಾರಬಹುದು. ಹಳೆಯದು ಸಿಕ್ಕರೆ ಅರ್ಧ ಬೆಲೆಗೆ ತೆಗೆದುಕೊಳ್ಳಬಹುದು, ಕಬ್ಬಿಣ ಹಳೆಯದಾದರೆ ತೂಕವೇನೂ ಕಡಿಮೆ ಆಗುವುದಿಲ್ಲವಲ್ಲ. ಬೋಲ್ಟಿನ ತೂತು ನಿಮ್ಮ ರಿಮ್ಮಿಗೆ ಹೊಂದುತ್ತದಾ ಅಂತ ಮಾತ್ರ ನೋಡಿ ತನ್ನಿ. ಕೂರಿಸುವಾಗ ಇಬ್ಬರು ಇರಲಿ. ಮೊದಲ ಸಲ ಕೆಲಸ ಮಾಡಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡುವುದನ್ನು ಮರೆಯಬೇಡಿ.

ಮುಂದಿನ ಬಂಪರಿಗೆ ಹಾಕುವ ವೇಟ್ ಬೇರೆಯದೇ ಕೆಲಸಕ್ಕೆ. ಅದು ಹಿಂದಿನ ಚಕ್ರದ ಹಿಡಿತ ಹೆಚ್ಚಿಸುವುದಿಲ್ಲ, ಸ್ಟಿಯರಿಂಗ್ ನಿಮ್ಮ ಕೈಯಲ್ಲಿ ಉಳಿಯುವಂತೆ ನೋಡಿಕೊಳ್ಳುತ್ತದೆ. ಒಟ್ಟು ತೂಕದ ಶೇ 20ರಷ್ಟಾದರೂ ಮುಂದಿನ ಚಕ್ರಗಳ ಮೇಲೆ ಇರಲೇಬೇಕು. ಹಿಂದೆ ನೀರು ತುಂಬಿಸಿದವರು ಇದನ್ನು ಮರೆಯುತ್ತಾರೆ, ಅಲ್ಲೇ ಅಪಾಯ. ಮೊದಲು ಚಕ್ರ ಜಾರುತ್ತಿದ್ದರಿಂದ ಮೂತಿ ಏಳುತ್ತಿರಲಿಲ್ಲ. ಈಗ ಚಕ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಎಂಜಿನ್ನಿನ ಶಕ್ತಿಗೆ ಬೇರೆ ದಾರಿ ಇರುವುದಿಲ್ಲ, ಮುಂದಿನ ಚಕ್ರ ಮೇಲೇಳುತ್ತದೆ. ಹಿಂದೆ ನೀರು ಅಂದರೆ ಮುಂದೆ ವೇಟ್ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಯಾವ ಕೆಲಸಕ್ಕೆ ಏನು

ಎರೆಭೂಮಿಯಲ್ಲಿ ಬೇಸಿಗೆಯ ಆಳ ಉಳುಮೆ. ಗದಗ, ಧಾರವಾಡ, ವಿಜಯಪುರ, ಕಲಬುರಗಿ ಕಡೆ ಒಣಗಿ ಬಿರುಕು ಬಿಟ್ಟ ನೆಲಕ್ಕೆ ಪಲ್ಟಿ ನೇಗಿಲು ಹಾಕಿ ದೊಡ್ಡ ದೊಡ್ಡ ಹೆಂಟೆ ಏಳಿಸುವವರಿಗೆ ತೂಕ ಬೇಕೇ ಬೇಕು. ನೆಲ ಒಣಗಿರುವುದರಿಂದ ಭಾರಕ್ಕೆ ಅಷ್ಟಾಗಿ ಅದುಮಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಇದೇ ಬಾಡಿಗೆ ಮಾಡುವವರಾದರೆ ನೀರು ಹಾಕಿಸಿ, ಮುಂದೆ ಬಂಪರ್ ವೇಟ್ ಹಾಕಿ. ನೀರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ.

ಆದರೆ ಮಳೆ ಬಿದ್ದ ಮೇಲೆ ಅದೇ ಎರೆಮಣ್ಣು ಬೇರೆ ಮಣ್ಣೇ ಆಗುತ್ತದೆ. ಹಸಿ ಎರೆಯ ಮೇಲೆ ಎರಡೂವರೆ ಟನ್ ಓಡಾಡಿದರೆ ಚಕ್ರ ಹಾದ ಜಾಡು ಕೆಳಗಡೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಬೇರು ಇಳಿಯುವುದಿಲ್ಲ, ನೀರು ಇಂಗುವುದಿಲ್ಲ. ಟೈರಿನ ಗಾಳಿ ಇಳಿಸಿದರೆ ಮೇಲ್ಮಣ್ಣು ಸ್ವಲ್ಪ ಬಚಾವಾಗುತ್ತದೆ, ಆಳದ ಮಣ್ಣಿಗೆ ಲೆಕ್ಕಕ್ಕೆ ಬರುವುದು ಒಟ್ಟು ಭಾರವೇ. ಬಿತ್ತನೆ, ಹರಗುವುದು, ಔಷಧಿ ಹೊಡೆಯುವುದು ಇವಕ್ಕೆಲ್ಲ ಹಗುರ ಟ್ರ್ಯಾಕ್ಟರೇ ಚೆಂದ. ಬೇಸಿಗೆಯ ಉಳುಮೆಯನ್ನೂ ಮುಂಗಾರಿನ ಬಿತ್ತನೆಯನ್ನೂ ಒಂದೇ ಟ್ರ್ಯಾಕ್ಟರಿನಲ್ಲಿ ಮಾಡುವ ಮನೆಗೆ ನಾನು ಕಬ್ಬಿಣವನ್ನೇ ಹೇಳುವುದು ಇದಕ್ಕೇ.

ಕೆಂಪು ಮಣ್ಣಿನಲ್ಲಿ ಕಲ್ಟಿವೇಟರ್. ಕೋಲಾರ, ತುಮಕೂರು, ಚಿತ್ರದುರ್ಗದ ಮಸಾರಿ ನೆಲದಲ್ಲಿ 9 ಹಲ್ಲಿನ ಕಲ್ಟಿವೇಟರಿಗೆ 40 ಎಚ್‌ಪಿಯ ಮೇಲಿನ ಟ್ರ್ಯಾಕ್ಟರ್ ಖಾಲಿ ತೂಕದಲ್ಲೇ ನಿಭಾಯಿಸುತ್ತದೆ. ಜಾರಿದರೆ ಚಕ್ರಕ್ಕೆ ಒಂದೊಂದು ತಟ್ಟೆ ಹಾಕಿ ನೋಡಿ, ಸಾಲದಿದ್ದರೆ ಇನ್ನೊಂದು. ಹೀಗೆ ಹಂತ ಹಂತವಾಗಿ ಹೋಗುವುದು ನೀರಿನಲ್ಲಿ ಇಷ್ಟು ಸುಲಭವಲ್ಲ.

ರೋಟವೇಟರ್. ಇದಕ್ಕೆ ನೀರು ಹಾಕಿಸುವುದು ನೋಡಿದರೆ ನನಗೆ ನಗು ಬರುತ್ತದೆ. ರೋಟವೇಟರ್ ಓಡುವುದು ಪಿಟಿಒ ಶಕ್ತಿಯಿಂದ, ಅಂದರೆ ಎಂಜಿನ್ ತಿರುಗಿಸುವ ಹಿಂಬದಿಯ ದಂಡದಿಂದ. ಅದರ ಬ್ಲೇಡುಗಳು ಚಕ್ರ ತಿರುಗುವ ದಿಕ್ಕಿನಲ್ಲೇ ತಿರುಗಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ಎಳೆತವೇ ಇಲ್ಲದ ಕಡೆ ಹಿಡಿತ ಏಕೆ? 6 ಅಡಿಯ ರೋಟವೇಟರ್ 4 ಕ್ವಿಂಟಲಿಗೂ ಮೇಲೆ ತೂಗುತ್ತದೆ. ಬದುವಿನ ಹತ್ತಿರ ಎತ್ತಿ ತಿರುಗಿಸುವಾಗ ಮೂತಿ ಹಗುರಾಗುತ್ತದೆ, ಅದಕ್ಕೆ ಬೇಕಿರುವುದು ಮುಂದಿನ ವೇಟ್.

ಭತ್ತದ ಗದ್ದೆ. ಗಂಗಾವತಿ, ಸಿಂಧನೂರು, ದಾವಣಗೆರೆ, ಮಂಡ್ಯ ಎಲ್ಲೇ ಇರಲಿ, ಕೆಸರು ಹೊಡೆಯುವಾಗ ನೀರಿನ ಟೈರು ಶತ್ರು. ಕೆಸರಿನಲ್ಲಿ ಭಾರ ಹಾಕಿದಷ್ಟೂ ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ. ಆಕ್ಸಲ್ ಕೆಸರಿಗೆ ತಾಗಿತು ಅಂದರೆ ಇನ್ನೊಂದು ಟ್ರ್ಯಾಕ್ಟರ್ ತರಿಸಬೇಕು. ಅಲ್ಲಿ ಬೇಕಾದದ್ದು ಅಗಲ. ಅದಕ್ಕೇ ಕೇಜ್ ವೀಲ್, ಅಂದರೆ ಪಂಜರದಂಥ ಕಬ್ಬಿಣದ ಚಕ್ರ, ಇರುವುದು. ಟೈರಿನ ಪಕ್ಕಕ್ಕೆ ಕೂರಿಸುವ ಅರ್ಧ ಕೇಜ್ ಆದರೆ ಟೈರೂ ನೆಲ ಮುಟ್ಟುತ್ತದೆ, ಕೆಸರಿನಲ್ಲಿ ಕಬ್ಬಿಣದ ಪಟ್ಟಿಯೂ ಕೆಲಸ ಮಾಡುತ್ತದೆ. ಟೈರು ಬಿಚ್ಚಿ ಹಾಕುವ ಪೂರ್ತಿ ಕಬ್ಬಿಣದ ಚಕ್ರದಲ್ಲಿ ಟಾರು ರಸ್ತೆಗೆ ಬಂದರೆ ರಸ್ತೆ ಕಿತ್ತು ಹೋಗುತ್ತದೆ, ಊರವರ ಬಾಯಿಗೂ ಬೀಳುತ್ತೀರಿ. ಮೊದಲೇ ಟೈರಿನಲ್ಲಿ ನೀರಿದ್ದರೆ ನಾಟಿ ಕಾಲಕ್ಕೆ ಮುಂಚೆ ಬಿಡಿಸಿ.

ಕಬ್ಬಿನ ಟ್ರೇಲರ್. ಇಲ್ಲಿ ಸ್ವಲ್ಪ ಯೋಚಿಸಬೇಕು. ಎರಡೇ ಚಕ್ರದ ಟ್ರೇಲರ್ ತನ್ನ ಭಾರದಲ್ಲಿ ಒಂದು ಪಾಲನ್ನು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಹೇರುತ್ತದೆ. ಹಿಂದಿನ ಚಕ್ರಕ್ಕೆ ತೂಕ ತಾನಾಗೇ ಬಂತು, ನೀರು ಅಗತ್ಯವಿಲ್ಲ, ಮುಂದಿನ ವೇಟ್ ಮಾತ್ರ ಕಡ್ಡಾಯ. ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರ ತಾನೇ ಹೊರುತ್ತದೆ, ಹಾಗಾಗಿ ಹಸಿ ಹೊಲದಿಂದ ರಸ್ತೆಗೆ ಹತ್ತಿಸುವಾಗ ಚಕ್ರ ಗಿರ್ರನೆ ತಿರುಗುವುದು ಇದರಲ್ಲೇ ಜಾಸ್ತಿ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಸೀಸನ್ನು ಪೂರ್ತಿ ಕಬ್ಬು ಎಳೆಯುವವರು ನೀರು ಹಾಕಿಸುವುದು ಇದಕ್ಕೇ. ತಪ್ಪೇನಿಲ್ಲ. ಆದರೆ ನೀರಿನ ಟೈರು ರಸ್ತೆಯಲ್ಲಿ ಬಿರುಸಾಗಿ ಓಡಿದರೆ ಕುಲುಕುತ್ತದೆ, ನಿಲ್ಲಿಸಲು ಬ್ರೇಕಿಗೂ ಕೆಲಸ ಜಾಸ್ತಿ. ಕೊಂಡಿಯನ್ನು ಎಂದೂ ಎತ್ತರದ ತೂತಿಗೆ ಹಾಕಬೇಡಿ. ಏರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವ ಅಪಘಾತಗಳ ಹಿಂದೆ ಹಗುರ ಮೂತಿಯ ಜೊತೆಗೆ ಎತ್ತರದ ಕೊಂಡಿಯೂ ಇರುತ್ತದೆ.

ಅಡಿಕೆ, ದ್ರಾಕ್ಷಿ, ದಾಳಿಂಬೆ ತೋಟದ ಸಣ್ಣ ಟ್ರ್ಯಾಕ್ಟರುಗಳಿಗೆ ಏನೂ ಬೇಡ.

ಉಪ್ಪು, ಕ್ಯಾಲ್ಸಿಯಂ ಕ್ಲೋರೈಡ್, ಬೀಟ್ ರಸ

ಅಮೆರಿಕ, ಕೆನಡಾದ ವಿಡಿಯೋ ನೋಡಿ "ಅಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಹಾಕ್ತಾರಂತೆ, ನಾವೂ ಹಾಕೋಣ" ಅನ್ನುವವರಿದ್ದಾರೆ. ಅವರಿಗೆ ಅದು ಬೇಕಾದ ಕಾರಣವೇ ಬೇರೆ. ಅಲ್ಲಿ ಚಳಿಗಾಲದಲ್ಲಿ ಬರೀ ನೀರು ಹೆಪ್ಪುಗಟ್ಟಿ ಟೈರಿನೊಳಗೆ ಮಂಜಿನ ಗಡ್ಡೆಯಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದರೆ ಹೆಪ್ಪುಗಟ್ಟುವುದಿಲ್ಲ, ನೀರಿಗಿಂತ ಶೇ 20ರಿಂದ 30ರಷ್ಟು ಭಾರವೂ ಜಾಸ್ತಿ. ಆದರೆ ಅದು ಕಬ್ಬಿಣವನ್ನು ತಿನ್ನುತ್ತದೆ. ವಾಲ್ವಿನ ಬುಡದಲ್ಲಿ ಸಣ್ಣ ಸೋರಿಕೆ ಆದರೂ ರಿಮ್ಮು ತೂತು ಬೀಳುತ್ತದೆ. ತುಕ್ಕಿನ ಕಾಟ ಬೇಡ ಅಂತ ಅಲ್ಲಿ ಸಕ್ಕರೆ ಬೀಟಿನ ರಸವನ್ನೂ ತುಂಬಿಸುತ್ತಾರೆ, ಅದು ಭಾರ, ತುಕ್ಕೂ ಇಲ್ಲ, ಬೆಲೆ ಮಾತ್ರ ಜಾಸ್ತಿ. ರೇಡಿಯೇಟರಿಗೆ ಹಾಕುವ ಗ್ಲೈಕಾಲನ್ನೂ ಕೆಲವರು ಬಳಸುತ್ತಾರೆ. ಅದರಲ್ಲಿ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಸೋರಿದ್ದನ್ನು ನಾಯಿಯೋ ಕರುವೋ ನೆಕ್ಕಿದರೆ ಪ್ರಾಣಕ್ಕೇ ಅಪಾಯ.

ಕರ್ನಾಟಕದಲ್ಲಿ ಟೈರಿನ ನೀರು ಹೆಪ್ಪುಗಟ್ಟುವ ಊರಿಲ್ಲ. ಸಾದಾ ಶುದ್ಧ ನೀರು ಸಾಕು. ಅಡುಗೆ ಉಪ್ಪು ಸುರಿದು ಭಾರ ಹೆಚ್ಚಿಸುವ ಸಾಹಸವಂತೂ ಬೇಡ. ಟ್ಯೂಬು ಇರುವವರೆಗೆ ನೀರು ರಿಮ್ಮಿಗೆ ತಾಗುವುದಿಲ್ಲ, ತುಕ್ಕಿನ ಭಯ ಕಡಿಮೆ. ಟ್ಯೂಬ್‌ಲೆಸ್ ಟೈರಾದರೆ ನೀರು ನೇರ ರಿಮ್ಮಿನ ಮೇಲೆ ನಿಲ್ಲುತ್ತದೆ, ಅಲ್ಲಿ ಕಬ್ಬಿಣದ ವೇಟೇ ವಾಸಿ.

ಹೊಸ ಟ್ರ್ಯಾಕ್ಟರ್ ಕೊಳ್ಳುವವರಿಗೆ

ಇನ್ನೂ ಕೊಂಡಿಲ್ಲ, ಕೆಲಸವೆಲ್ಲ ಭಾರೀ ಎಳೆತದ್ದೇ ಅನ್ನುವವರು ಫೋರ್ ವೀಲ್ ಡ್ರೈವ್ ಮಾಡೆಲನ್ನು ಒಮ್ಮೆ ಓಡಿಸಿ ನೋಡಿ. ಟೂ ವೀಲ್ ಡ್ರೈವಿನಲ್ಲಿ ಮುಂದಿನ ಚಕ್ರದ ಮೇಲಿನ ತೂಕ ಎಳೆತಕ್ಕೆ ಉಪಯೋಗವಿಲ್ಲದೆ ಸುಮ್ಮನೆ ಉರುಳುತ್ತಿರುತ್ತದೆ. ಫೋರ್ ವೀಲಿನಲ್ಲಿ ಅದೂ ದುಡಿಯುತ್ತದೆ. ಒಂದು ಕಿಲೋ ಭಾರ ಸೇರಿಸದೆ ಹಿಡಿತ ಹೆಚ್ಚುತ್ತದೆ, ಹಸಿ ನೆಲದಲ್ಲಂತೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬೆಲೆ ಜಾಸ್ತಿ, ಮುಂದಿನ ಟೈರೂ ದುಬಾರಿ, ತಿರುಗಲು ಜಾಗವೂ ತುಸು ಹೆಚ್ಚು ಬೇಕು. 5 ಎಕರೆ ಒಣಭೂಮಿಗೆ ಅಷ್ಟು ದುಡ್ಡು ಹಾಕುವುದು ದಂಡ. ಕಬ್ಬು, ಭತ್ತ, ಬಾಡಿಗೆ ಎಲ್ಲ ಸೇರಿದ್ದರೆ ಲೆಕ್ಕ ಹೊಂದುತ್ತದೆ.

ಹಳೆಯ ಟ್ರ್ಯಾಕ್ಟರ್ ನೋಡಲು ಹೋದಾಗ ಟೈರಿನಲ್ಲಿ ನೀರಿದೆಯಾ ಅಂತ ಮಾಲೀಕರು ಹೇಳುವವರೆಗೆ ಕಾಯಬೇಡಿ. ಟ್ರ್ಯಾಕ್ಟರನ್ನು ಸ್ವಲ್ಪ ಮುಂದೆ ಓಡಿಸಿ ಹಿಂದಿನ ವಾಲ್ವ್ ಕೆಳಗೆ ಬರುವಂತೆ ನಿಲ್ಲಿಸಿ, ಮುಚ್ಚಳ ತೆಗೆದು ಕಡ್ಡಿಯಿಂದ ಪಿನ್ನನ್ನು ಒಂದು ಕ್ಷಣ ಒತ್ತಿ. ಗಾಳಿ ಬಂದರೆ ಸರಿ. ನೀರು ಚಿಮ್ಮಿದರೆ ಎರಡೂ ಚಕ್ರ ನೋಡಿ, ಎಷ್ಟು ವರ್ಷದಿಂದ ಇದೆ ಕೇಳಿ. ವಾಲ್ವಿನ ಸುತ್ತ ರಿಮ್ಮಿನ ಮೇಲೆ ಬಿಳಿ ಪುಡಿ ಕಟ್ಟಿದೆಯಾ, ಬಣ್ಣ ಉಬ್ಬಿದೆಯಾ ಅಂತ ಬೆರಳಾಡಿಸಿ ನೋಡಿ. ಬಿಳಿ ಪುಡಿಯ ಜೊತೆ ತುಕ್ಕೂ ಇದ್ದರೆ ಯಾರೋ ಉಪ್ಪು ನೀರು ಹಾಕಿರಬಹುದು. ಆಗ ಹೊಸ ರಿಮ್ಮಿನ ಬೆಲೆ ಕಳೆದು ಮಾತಾಡಿ.